ಇಬ್ಬರು ಹಿಟ್ಟರ್, ಒಂದೇ ಡಿಎಚ್ ಜಾಗ: ಫಿಲಡೆಲ್ಫಿಯಾ ಫಿಲೀಸ್, 2022

2022ರ ಮಾರ್ಚ್ ನಡುವಿನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಫಿಲಡೆಲ್ಫಿಯಾ ಫಿಲೀಸ್ ಒಂದೇ ವಾರದಲ್ಲಿ ಇಬ್ಬರು ದೊಡ್ಡ ಹೊಡೆತಗಾರರನ್ನು ಹಿಡಿಯಿತು. ಮೊದಲು ಕೈಲ್ ಶ್ವಾರ್ಬರ್: ನಾಲ್ಕು ವರ್ಷ, 7.9 ಕೋಟಿ ಡಾಲರ್. ಹಿಂದೆಯೇ ನಿಕ್ ಕ್ಯಾಸ್ಟೆಲಾನೋಸ್: ಐದು ವರ್ಷ, 10 ಕೋಟಿ ಡಾಲರ್. ಇಬ್ಬರೂ ಚೆಂಡನ್ನು ಗ್ಯಾಲರಿಗೆ ಕಳಿಸುವವರು. ಇಬ್ಬರ ಫೀಲ್ಡಿಂಗೂ ಅಷ್ಟಕ್ಕಷ್ಟೇ. ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡುವ ಡಿಎಚ್ ಜಾಗ ಇರುವುದು ಒಂದೇ. ಹಾಗಾದರೆ ಇನ್ನೊಬ್ಬ ಎಲ್ಲಿ ನಿಲ್ಲಬೇಕು?

ಅಭಿಮಾನಿಗಳ ಜಗಳ ಶುರುವಾಗಿದ್ದು ಇಲ್ಲೇ. ಆರ್‌ಸಿಬಿಗೆ ಬೌಲರ್ ಬೇಕಾಗಿದ್ದಾಗ ಹರಾಜಿನಲ್ಲಿ ಇನ್ನೊಬ್ಬ ಬ್ಯಾಟರ್‌ಗೆ ಕೈ ಎತ್ತಿದರೆ ಬೆಂಗಳೂರಲ್ಲಿ ಏಳುವ ಗಲಾಟೆ ಗೊತ್ತಲ್ಲ, ಹೆಚ್ಚು ಕಡಿಮೆ ಅದೇ. ನಾಲ್ಕು ವರ್ಷದ ಆಟ ಮುಗಿದ ಮೇಲೆ ಹಿಂದಿರುಗಿ ನೋಡಿದರೆ ಆ ಜಗಳ ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಭಯ ನಿಜವಾಗಿತ್ತು. ಆದರೆ ಭಯಪಟ್ಟಿದ್ದು ಯಾರ ಬಗ್ಗೆ ಅನ್ನೋದು ತಿರುವುಮುರುವಾಗಿತ್ತು.

ಆಗಿನ ಪರಿಸ್ಥಿತಿ

ಫಿಲೀಸ್ 2011ರ ನಂತರ ಪ್ಲೇಆಫ್ ಮುಖ ನೋಡಿರಲಿಲ್ಲ. 2021ರಲ್ಲಿ 82 ಗೆಲುವು, 80 ಸೋಲು. ಅತ್ತ ಚೆನ್ನಾಗಿಯೂ ಇಲ್ಲ, ಇತ್ತ ಎಲ್ಲ ಕಿತ್ತು ಹೊಸದಾಗಿ ಕಟ್ಟುವಷ್ಟು ಕೆಟ್ಟೂ ಇಲ್ಲ. ಆ ವರ್ಷ ರೈಟ್ ಫೀಲ್ಡರ್ ಬ್ರೈಸ್ ಹಾರ್ಪರ್ ನ್ಯಾಷನಲ್ ಲೀಗಿನ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಫಿಲೀಸ್ ಇರುವುದು) ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ, ಆಗಿದ್ದ. ಅಂಥ ಆಟಗಾರ ಇದ್ದೂ ತಂಡ ಅರ್ಧದಲ್ಲೇ ನಿಂತಿತ್ತು. ಬುಲ್‌ಪೆನ್, ಅಂದರೆ ಪಂದ್ಯದ ನಡುವೆ ಬಂದು ಚೆಂಡು ಎಸೆಯುವ ಬದಲಿ ಪಿಚರ್‌ಗಳ ಕೈಯಲ್ಲಿ ಗೆದ್ದ ಪಂದ್ಯಗಳೇ ಜಾರಿಹೋಗುತ್ತಿದ್ದವು. ಲೆಫ್ಟ್ ಫೀಲ್ಡ್‌ನಲ್ಲಿದ್ದ ಆಂಡ್ರೂ ಮೆಕಚನ್‌ನನ್ನು ಸೀಸನ್ ಮುಗಿದ ಮೇಲೆ ತಂಡ ಉಳಿಸಿಕೊಳ್ಳಲಿಲ್ಲ. ಸೆಂಟರ್ ಫೀಲ್ಡ್‌ನಲ್ಲೂ ನೆಚ್ಚಿಕೊಳ್ಳುವಂಥವರು ಇರಲಿಲ್ಲ. ಬೇಲಿ ಕಡೆಯ ಮೂರು ಔಟ್‌ಫೀಲ್ಡ್ ಜಾಗದಲ್ಲಿ (ಲೆಫ್ಟ್, ಸೆಂಟರ್, ರೈಟ್) ಎರಡು ಖಾಲಿ.

ತಂಡ ಕಟ್ಟುವ ಹೊಣೆ ಡೇವ್ ಡೊಂಬ್ರೌಸ್ಕಿಯದು. ದುಡ್ಡು ಬಿಚ್ಚಿ ದೊಡ್ಡ ಹೆಸರು ತರುವವನು ಅಂತಲೇ ಆತನಿಗೆ ಹೆಸರು. 1997ರಲ್ಲಿ ಫ್ಲಾರಿಡಾ, 2018ರಲ್ಲಿ ಬಾಸ್ಟನ್, ಎರಡೂ ಕಡೆ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಸರಣಿ, ಗೆದ್ದ ತಂಡ ಕಟ್ಟಿದ್ದ. ಇನ್ನೊಂದು ಸಂಗತಿ: 2010ರಲ್ಲಿ ಶಾಲೆ ಮುಗಿಸಿದ ಕ್ಯಾಸ್ಟೆಲಾನೋಸ್‌ನನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವ ವ್ಯವಸ್ಥೆ) ಆರಿಸಿದ್ದು ಡೆಟ್ರಾಯಿಟ್ ಟೈಗರ್ಸ್. ಆಗ ಅಲ್ಲಿನ ಯಜಮಾನಿಕೆ ಇದೇ ಡೊಂಬ್ರೌಸ್ಕಿಯದು. ಶ್ವಾರ್ಬರ್ ಕಡೆಯಿಂದಲೂ ಒಂದು ಹಳೇ ಪರಿಚಯ ಇತ್ತು. ಫಿಲೀಸ್‌ನ ಹೊಸ ಹಿಟ್ಟಿಂಗ್ ಕೋಚ್ ಕೆವಿನ್ ಲಾಂಗ್ 2021ರಲ್ಲಿ ವಾಷಿಂಗ್ಟನ್‌ನಲ್ಲಿ ಶ್ವಾರ್ಬರ್ ಜೊತೆ ಕೆಲಸ ಮಾಡಿದ್ದ. ಆ ಜೂನ್‌ನಲ್ಲಿ ಶ್ವಾರ್ಬರ್ 18 ಪಂದ್ಯಗಳಲ್ಲಿ 16 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ, ಬೇಲಿ ದಾಟುವ ಹೊಡೆತ) ಬಾರಿಸಿದ್ದು ಎಲ್ಲರಿಗೂ ನೆನಪಿತ್ತು.

ಇದರ ಮಧ್ಯೆ ಲಾಕೌಟ್. 2021ರ ಡಿಸೆಂಬರ್ 2ರಿಂದ 2022ರ ಮಾರ್ಚ್ 10ರವರೆಗೆ, 99 ದಿನ, ಮಾಲೀಕರು ಮತ್ತು ಆಟಗಾರರ ಸಂಘದ ಜಟಾಪಟಿಯಲ್ಲಿ ಬೇಸ್‌ಬಾಲ್‌ನ ಬಾಗಿಲೇ ಮುಚ್ಚಿತ್ತು. ಯಾವ ತಂಡವೂ ಯಾವ ಆಟಗಾರನ ಜೊತೆಗೂ ಮಾತಾಡುವಂತಿಲ್ಲ, ಸಹಿ ಹಾಕಿಸುವಂತಿಲ್ಲ. ಅಭಿಮಾನಿಗಳಿಗೆ ಸುಮ್ನೆ ಕೂತು ಲೆಕ್ಕ ಹಾಕೋದೊಂದೇ ಕೆಲಸ. ಫಿಲಡೆಲ್ಫಿಯಾದಂಥ ಊರಲ್ಲಿ ಮೂರು ತಿಂಗಳು ಬರೀ ಲೆಕ್ಕ ಹಾಕಲು ಬಿಟ್ಟರೆ ಏನಾಗುತ್ತೆ ಅಂತ ಊಹಿಸಿಕೊಳ್ಳಿ.

ಡಿಎಚ್ ಅನ್ನೋ ಹೊಸ ಕುರ್ಚಿ

ಲಾಕೌಟ್ ಮುಗಿಸಿದ ಒಪ್ಪಂದದಲ್ಲೇ ನ್ಯಾಷನಲ್ ಲೀಗಿಗೂ ಡಿಎಚ್ ಖಾಯಂ ಆಯಿತು. ಡೆಸಿಗ್ನೇಟೆಡ್ ಹಿಟ್ಟರ್ ಅಂದರೆ ಪಿಚರ್ ಬದಲು ಬ್ಯಾಟ್ ಮಾಡುವವನು. ಫೀಲ್ಡಿಂಗ್‌ಗೆ ಇಳಿಯುವುದಿಲ್ಲ. ತನ್ನ ಸರದಿ ಬಂದಾಗ ಎದ್ದು ಬ್ಯಾಟ್ ಬೀಸಿ ಮತ್ತೆ ಡಗೌಟ್‌ನಲ್ಲಿ ಕೂರುತ್ತಾನೆ. ಅಮೆರಿಕನ್ ಲೀಗ್ 1973ರಲ್ಲೇ ಇದನ್ನು ತಂದಿತು. ನ್ಯಾಷನಲ್ ಲೀಗ್ ಮಾತ್ರ ಪಿಚರ್ ಕೈಗೇ ಬ್ಯಾಟ್ ಕೊಡುತ್ತಾ ಬಂತು. 2020ರ ಕೋವಿಡ್ ಸೀಸನ್ನಿಗೆ ಮಾತ್ರ ಒಪ್ಪಿ, 2021ಕ್ಕೆ ಮತ್ತೆ ಹಳೇ ದಾರಿಗೆ ಹೋಯಿತು.

ಇಲ್ಲೊಂದು ತಮಾಷೆ ಇದೆ. 1980ರ ಆಗಸ್ಟ್‌ನಲ್ಲಿ ನ್ಯಾಷನಲ್ ಲೀಗ್ ತಂಡಗಳು ಡಿಎಚ್ ಬೇಕೋ ಬೇಡವೋ ಅಂತ ವೋಟು ಹಾಕಿದವು. ಫಿಲೀಸ್ ಪರವಾಗಿ ಸಭೆಗೆ ಹೋಗಿದ್ದವರು ಉಪಾಧ್ಯಕ್ಷ ಬಿಲ್ ಜೈಲ್ಸ್. ಸಭೆಯಲ್ಲಿ ಎದ್ದ ಒಂದು ಪ್ರಶ್ನೆಗೆ ಮಾಲೀಕ ರೂಲಿ ಕಾರ್ಪೆಂಟರ್‌ನ ಅಭಿಪ್ರಾಯ ಕೇಳಬೇಕಾಯಿತು. ಕಾರ್ಪೆಂಟರ್ ಮೀನು ಹಿಡಿಯೋಕೆ ಹೋಗಿದ್ದ, ಫೋನಿಗೆ ಸಿಗಲಿಲ್ಲ. ಜೈಲ್ಸ್ ಯಾವ ಕಡೆಗೂ ವೋಟು ಹಾಕಲಿಲ್ಲ. ಫಿಲೀಸ್ ಮಾಡಿದಂತೆ ಮಾಡು ಅಂತ ಹೇಳಿಸಿಕೊಂಡು ಬಂದಿದ್ದ ಪಿಟ್ಸ್‌ಬರ್ಗ್ ಪ್ರತಿನಿಧಿಯೂ ಸುಮ್ಮನಾದ. ಪರ 4, ವಿರುದ್ಧ 5, ತಟಸ್ಥ 3. ಡಿಎಚ್ ಬಿದ್ದುಹೋಯಿತು. ಅದೊಂದು ಫೋನ್ ತಾಗಿದ್ದರೆ ಈ ಲೀಗಿನ ಕತೆಯೇ ಬೇರೆ ಆಗುತ್ತಿತ್ತೇನೋ.

ಅಂತೂ 42 ವರ್ಷದ ನಂತರ ಅದೇ ಊರಿನವರು ಡಿಎಚ್ ಜಾಗದಲ್ಲಿ ಯಾರನ್ನು ಕೂರಿಸಬೇಕು ಅಂತ ಕಿತ್ತಾಡಿದರು.

ಯಾರು ಏನು ಕೇಳುತ್ತಿದ್ದರು

ಜಾಸ್ತಿ ಜನ ಕ್ರಿಸ್ ಬ್ರಯಂಟ್ ಬೇಕು ಅಂದರು. ಥರ್ಡ್ ಬೇಸ್ ಆಡುತ್ತಾನೆ, ಔಟ್‌ಫೀಲ್ಡ್ ಆಡುತ್ತಾನೆ, ಮಾಜಿ ಎಂವಿಪಿ. ಮೇಲಾಗಿ ಅವನೂ ಹಾರ್ಪರ್ ಇಬ್ಬರೂ ಲಾಸ್ ವೇಗಸ್ ಹುಡುಗರು, ಚಿಕ್ಕಂದಿನಿಂದ ಗುರುತು. ಮನಸ್ಸಿಗೆ ಒಪ್ಪುವ ಕತೆ. ಕೊನೆಗೆ ಬ್ರಯಂಟ್ ಹೋಗಿದ್ದು ಕೊಲರಾಡೋಗೆ, ಏಳು ವರ್ಷ, 18.2 ಕೋಟಿ ಡಾಲರ್‌ಗೆ. ಮೊದಲ ವರ್ಷ ಗಾಯಗಳಿಂದಾಗಿ ಆಡಿದ್ದು ಬರೀ 42 ಪಂದ್ಯ. ಆಮೇಲೂ ಬೆನ್ನು ಅವನ ಕೈ ಹಿಡಿಯಲಿಲ್ಲ. ಮೈಕಲ್ ಕನ್‌ಫೋರ್ಟೋ ಬೇಕು ಅಂದವರೂ ಇದ್ದರು. ಅವನು ಭುಜದ ಗಾಯದಿಂದ 2022ರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ನಾವು ಕೇಳಿದವರನ್ನು ತಂದಿದ್ದರೆ ಅಂತ ಈಗ ಹೇಳುವವರು ಈ ಎರಡು ಹೆಸರನ್ನು ಜಾಣತನದಿಂದ ಮರೆಯುತ್ತಾರೆ.

ಇನ್ನೊಂದು ಗುಂಪು ಗ್ಲೋವ್, ಅಂದರೆ ಫೀಲ್ಡಿಂಗ್, ಮೊದಲು ಅನ್ನುವವರದು. ಸೆಂಟರ್ ಫೀಲ್ಡ್ ಖಾಲಿ ಬಿಟ್ಟು ಅಕ್ಕಪಕ್ಕ ನಿಧಾನಸ್ಥರನ್ನು ನಿಲ್ಲಿಸಿದರೆ ನಡುವಿನವನು ಮೂರು ಜನರ ಓಟ ಓಡಬೇಕು ಅನ್ನೋದು ಅವರ ವಾದ. ನ್ಯಾಯವಾದ ಮಾತೇ. ಆದರೆ ಮಾರುಕಟ್ಟೆಯಲ್ಲಿ ಸರಕು ಎಲ್ಲಿತ್ತು? ಸ್ಟಾರ್ಲಿಂಗ್ ಮಾರ್ಟೆ ಲಾಕೌಟ್‌ಗೆ ಮುಂಚೆಯೇ ನಾಲ್ಕು ವರ್ಷ 7.8 ಕೋಟಿಗೆ ನ್ಯೂಯಾರ್ಕ್ ಮೆಟ್ಸ್ ಸೇರಿದ್ದ. ಮಾರ್ಚ್‌ನಲ್ಲಿ ಹೇಳಿಕೊಳ್ಳುವಂಥ ಸೆಂಟರ್ ಫೀಲ್ಡರ್ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಯಾವ ತಂಡಕ್ಕೂ ಹೋಗಬಹುದಾದವನು) ಆಗಿ ಉಳಿದಿರಲೇ ಇಲ್ಲ.

ಮೂರನೆಯವರು ಜುಗ್ಗರಲ್ಲ, ಲೆಕ್ಕದವರು. ಡಿಎಚ್‌ಗೆ ಅಗ್ಗದಲ್ಲಿ ಒಬ್ಬನನ್ನು ತನ್ನಿ, ಉಳಿದ ದುಡ್ಡನ್ನು ಪಿಚಿಂಗ್‌ಗೆ ಹಾಕಿ ಅಂದರು. ಅಗ್ಗದವರು ನಿಜಕ್ಕೂ ಇದ್ದರು. ಜಾಕ್ ಪೀಡರ್ಸನ್ 60 ಲಕ್ಷ ಡಾಲರ್‌ಗೆ ಒಂದು ವರ್ಷಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ. ಹಿಂದಿನ ವರ್ಷದ ವರ್ಲ್ಡ್ ಸೀರೀಸ್ ಎಂವಿಪಿ ಹೋರ್ಹೆ ಸೊಲೇರ್ 3.6 ಕೋಟಿಗೆ ಮೂರು ವರ್ಷ ಮಯಾಮಿ ಸೇರಿದ. ನನ್ನ ಕೇಳಿದರೆ, ಅವತ್ತಿನ ಮಟ್ಟಿಗೆ ತೂಕದ ವಾದ ಇದೇ.

ಶ್ವಾರ್ಬರ್ ಬಂದಾಗ ಗೊಣಗಾಟ ಕಡಿಮೆ ಇತ್ತು. ಲೆಫ್ಟ್ ಫೀಲ್ಡ್ ಒಮ್ಮೆ, ಡಿಎಚ್ ಒಮ್ಮೆ, ಹೇಗೋ ನಡೆಯುತ್ತೆ ಅಂದುಕೊಂಡರು. ಕ್ಯಾಸ್ಟೆಲಾನೋಸ್ ಬಂದ ಮೇಲೆ ಲೆಕ್ಕ ಕೆಟ್ಟಿತು. ಅವನ ಜೊತೆಗೆ ಎರಡು ದಂಡವೂ ಬಂದವು. ಹಳೇ ತಂಡ ಸಿನ್ಸಿನಾಟಿ ಅವನಿಗೆ ಕ್ವಾಲಿಫೈಯಿಂಗ್ ಆಫರ್ (ಒಂದು ವರ್ಷಕ್ಕೆ ನಿಗದಿತ ಸಂಬಳದ ಆಫರ್) ಕೊಟ್ಟಿದ್ದರಿಂದ ಫಿಲೀಸ್ ಒಂದು ಡ್ರಾಫ್ಟ್ ಆಯ್ಕೆ ಬಿಟ್ಟುಕೊಡಬೇಕಾಯಿತು. ಸೀಸನ್ ನಡುವೆ ವಾಷಿಂಗ್ಟನ್‌ನಿಂದ ಬಾಸ್ಟನ್‌ಗೆ ಹೋಗಿದ್ದ ಶ್ವಾರ್ಬರ್‌ಗೆ ಅಂಥ ಆಫರ್ ಕೊಡಲು ನಿಯಮವೇ ಬಿಡುತ್ತಿರಲಿಲ್ಲ. ಎರಡನೆಯದು ಲಕ್ಷುರಿ ಟ್ಯಾಕ್ಸ್, ತಂಡದ ಒಟ್ಟು ಸಂಬಳ ಮಿತಿ ದಾಟಿದರೆ ಕಟ್ಟಬೇಕಾದ ತೆರಿಗೆ. ಆ ವರ್ಷದ ಮಿತಿ 23 ಕೋಟಿ ಡಾಲರ್. ಫಿಲೀಸ್ ತನ್ನ ಇತಿಹಾಸದಲ್ಲೇ ಮೊದಲ ಸಲ ಆ ಗೆರೆ ದಾಟಿತು. ಮಾಲೀಕ ಜಾನ್ ಮಿಡಲ್ಟನ್ ಒಪ್ಪಿಗೆ ಇಲ್ಲದೆ ಇದು ಆಗುವ ಮಾತಲ್ಲ.

ಆದರೂ ಇಬ್ಬರಲ್ಲಿ ಭರವಸೆಯ ಆಟಗಾರ ಅಂತ ಮಾರುಕಟ್ಟೆ ಕಂಡಿದ್ದು ಕ್ಯಾಸ್ಟೆಲಾನೋಸ್‌ನನ್ನೇ. ವರ್ಷದ ಸಂಬಳ ಹೆಚ್ಚು ಕಡಿಮೆ ಒಂದೇ, ಸುಮಾರು 2 ಕೋಟಿ. ಅವನಿಗೆ ಒಂದು ವರ್ಷ ಜಾಸ್ತಿ ಸಿಕ್ಕಿತು. 2021ರಲ್ಲಿ ಅವನ ಬ್ಯಾಟಿಂಗ್ ಸರಾಸರಿ (ಹೊಡೆದು ಬೇಸ್ ತಲುಪಿದ ಪಾಲು) .309, ಹೋಮ್ ರನ್ 34, ಆರ್‌ಬಿಐ (ಅವನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್) 100. ಕಣ್ಣು ಕುಕ್ಕುವ ಅಂಕಿ. ಶ್ವಾರ್ಬರ್ .266 ಹೊಡೆದಿದ್ದ. ಸರಾಸರಿ ನೋಡುವ ಅಭಿಮಾನಿಗೆ ಯಾರು ದೊಡ್ಡವನು ಅಂತ ಕೇಳಬೇಕಾಗಿಯೇ ಇರಲಿಲ್ಲ.

ಮೊಣಕೈ ತಂದ ತಿರುವು

ಏಪ್ರಿಲ್ 8. ಓಕ್ಲೆಂಡ್ ವಿರುದ್ಧ ಸೀಸನ್ನಿನ ಮೊದಲ ಪಂದ್ಯ, ತವರು ಮೈದಾನ. ಫಿಲೀಸ್ ಅಂಗಿ ತೊಟ್ಟು ಮೊದಲ ಸಲ ಬ್ಯಾಟ್ ಹಿಡಿದ ಶ್ವಾರ್ಬರ್ ಹೋಮ್ ರನ್ ಹೊಡೆದ. ಊರಿಗೆ ಊರೇ ಕುಣಿಯಿತು. ಒಂದು ವಾರ ಆ ಖುಷಿ ಇತ್ತು.

ಆಮೇಲೆ ಹಾರ್ಪರ್ ಮೊಣಕೈ. ಏಪ್ರಿಲ್ 16ರ ನಂತರ ಆ ವರ್ಷ ಅವನು ರೈಟ್ ಫೀಲ್ಡ್‌ನಲ್ಲಿ ನಿಲ್ಲಲೇ ಇಲ್ಲ. ಬಲ ಮೊಣಕೈಯ ಲಿಗಮೆಂಟ್ ಹರಿದಿತ್ತು. ಎಸೆಯೋಕೆ ಆಗಲ್ಲ, ಬ್ಯಾಟ್ ಬೀಸೋಕೆ ಆಗುತ್ತೆ. ಹಾಗಿದ್ದವನಿಗೆ ಇರುವ ಜಾಗ ಒಂದೇ, ಡಿಎಚ್. ಹಿಂದಿನ ವರ್ಷದ ನಿಯಮ ಇದ್ದಿದ್ದರೆ 33 ಕೋಟಿ ಡಾಲರ್‌ನ ಆಟಗಾರ ಬೆಂಚ್ ಮೇಲೆ ಕೂರಬೇಕಿತ್ತು. ಹೊಸ ಕುರ್ಚಿ ಅವನನ್ನು ಉಳಿಸಿತು.

ಆದರೆ ಕುರ್ಚಿ ತುಂಬಿತಲ್ಲ! ಶ್ವಾರ್ಬರ್ ಲೆಫ್ಟ್‌ನಲ್ಲಿ, ಕ್ಯಾಸ್ಟೆಲಾನೋಸ್ ರೈಟ್‌ನಲ್ಲಿ, ದಿನಾ. ಮಾರ್ಚ್‌ನಲ್ಲಿ ಅಭಿಮಾನಿಗಳು ಯಾವುದು ಆಗಬಾರದು ಅಂದಿದ್ದರೋ ಅದೇ ಆಯಿತು. ಮುಂದೆ ಬೀಳುವ ಚೆಂಡು ನೆಲಕ್ಕೆ ತಾಗುತ್ತಿತ್ತು, ಬೇಲಿ ಕಡೆ ಹೋದದ್ದು ಡಬಲ್ ಆಗುತ್ತಿತ್ತು. ಪಿಚರ್‌ಗಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. 22 ಗೆಲುವು 29 ಸೋಲು ಆಗಿದ್ದಾಗ, ಜೂನ್ 3ರಂದು, ಮ್ಯಾನೇಜರ್ ಜೋ ಜಿರಾರ್ಡಿಯನ್ನು ಮನೆಗೆ ಕಳಿಸಿದರು. ಬೆಂಚ್ ಕೋಚ್ ರಾಬ್ ಥಾಮ್ಸನ್ ಜವಾಬ್ದಾರಿ ತಗೊಂಡ. ಜೂನ್ ಕೊನೆಯಲ್ಲಿ ಬ್ಲೇಕ್ ಸ್ನೆಲ್ ಎಸೆದ ಚೆಂಡು ತಾಗಿ ಹಾರ್ಪರ್ ಹೆಬ್ಬೆರಳು ಮುರಿಯಿತು. ಎರಡು ತಿಂಗಳು ಅವನೇ ಇಲ್ಲ.

ಆ ಎರಡು ತಿಂಗಳು ತಂಡವನ್ನು ಎಳೆದವನು ಶ್ವಾರ್ಬರ್. ವರ್ಷದ ಕೊನೆಗೆ ಅವನ ಸರಾಸರಿ .218, ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಔಟ್ ಆಗಿದ್ದು) 200. ಹೋಮ್ ರನ್ 46, ನ್ಯಾಷನಲ್ ಲೀಗ್‌ಗೇ ಮೊದಲು. ಕ್ಯಾಸ್ಟೆಲಾನೋಸ್ ಸರಾಸರಿ .263, ಹೋಮ್ ರನ್ ಬರೀ 13. ಎರಡೂ ಕೈಯಲ್ಲಿ ದುಡ್ಡು ಕೊಟ್ಟು ತಂದ ಬ್ಯಾಟ್ ಮಂಕಾಗಿತ್ತು. ತವರಿನಲ್ಲೇ ಅವನಿಗೆ ಬೈಗುಳ ಬಿದ್ದವು. ಸೆಂಟರ್ ಫೀಲ್ಡ್ ತೂತನ್ನು ಡೊಂಬ್ರೌಸ್ಕಿ ಮುಚ್ಚಿದ್ದು ಆಗಸ್ಟ್‌ನಲ್ಲಿ, ಏಂಜೆಲ್ಸ್ ತಂಡದಿಂದ ಬ್ರಾಂಡನ್ ಮಾರ್ಷ್‌ನನ್ನು ತಂದು. ಅದಕ್ಕೆ ಕ್ಯಾಚರ್ ಲೋಗನ್ ಓಹಾಪಿ ಎಂಬ ಒಳ್ಳೇ ಹುಡುಗನನ್ನು ಬಿಟ್ಟುಕೊಟ್ಟರು. ಗ್ಲೋವ್ ಮೊದಲು ಅಂದವರ ಮಾತು ನಾಲ್ಕು ತಿಂಗಳು ತಡವಾಗಿ ನಡೆಯಿತು.

87 ಗೆಲುವು. ಗುಂಪಿನಲ್ಲಿ ಮೂರನೇ ಜಾಗ. ಹಳೇ ನಿಯಮದಲ್ಲಿ ಇಷ್ಟಕ್ಕೆ ಮನೆಗೆ ಹೋಗಬೇಕಿತ್ತು. ಲಾಕೌಟ್ ಮುಗಿಸಿದ ಅದೇ ಒಪ್ಪಂದ ಪ್ಲೇಆಫ್ ತಂಡಗಳನ್ನು 12ಕ್ಕೆ ಏರಿಸಿತ್ತು. ಕೊನೆಯ ವೈಲ್ಡ್ ಕಾರ್ಡ್, ಅಂದರೆ ಗುಂಪು ಗೆಲ್ಲದ ತಂಡಕ್ಕೆ ಸಿಗುವ ಜಾಗ, ಹಿಡಿದು ಫಿಲೀಸ್ ಒಳಗೆ ನುಗ್ಗಿತು. ಸೇಂಟ್ ಲೂಯಿಸ್, ಅಟ್ಲಾಂಟಾ, ಸ್ಯಾನ್ ಡಿಯಾಗೋ, ಮೂರನ್ನೂ ಸೋಲಿಸಿತು. ಸ್ಯಾನ್ ಡಿಯಾಗೋದಲ್ಲಿ ಯು ದಾರ್ವಿಶ್ ಎಸೆತವನ್ನು ಶ್ವಾರ್ಬರ್ 488 ಅಡಿ ದೂರ ಕಳಿಸಿದಾಗ ಡಗೌಟ್‌ನಲ್ಲಿದ್ದ ಹಾರ್ಪರ್ ಮುಖ ನೋಡಬೇಕಿತ್ತು.

ಇನ್ನು ಹ್ಯೂಸ್ಟನ್. ವರ್ಲ್ಡ್ ಸೀರೀಸ್ ಮೊದಲ ಪಂದ್ಯ. 5-0 ಹಿಂದಿದ್ದ ಫಿಲೀಸ್ 5-5 ಮಾಡಿದೆ. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಸೆಕೆಂಡ್ ಬೇಸ್‌ನಲ್ಲಿ ಹೋಸೆ ಅಲ್ಟೂವೆ. ಹೆರೆಮಿ ಪೇನ್ಯಾ ಬ್ಯಾಟಿಗೆ ಅರೆಬರೆ ತಾಗಿದ ಚೆಂಡು ರೈಟ್ ಫೀಲ್ಡ್‌ನ ಮುಂಭಾಗಕ್ಕೆ ಮೆಲ್ಲಗೆ ಇಳಿಯುತ್ತಿದೆ. ಬಿದ್ದರೆ ಅಲ್ಟೂವೆ ಮನೆ ಮುಟ್ಟುತ್ತಾನೆ, ಪಂದ್ಯ ಮುಗಿಯಿತು. ಕ್ಯಾಸ್ಟೆಲಾನೋಸ್ ಮುಂದಕ್ಕೆ ಓಡಿದ, ಜಾರಿದ, ಹುಲ್ಲಿಗೆ ತಾಗುವ ಮುಂಚೆ ಗ್ಲೋವ್ ಒಡ್ಡಿ ಚೆಂಡು ಎತ್ತಿಕೊಂಡ. ಹತ್ತನೇ ಇನ್ನಿಂಗ್ಸ್‌ನಲ್ಲಿ ಜೆ.ಟಿ. ರಿಯಲ್ಮೂಟೋ ಹೋಮ್ ರನ್, 6-5 ಗೆಲುವು. ಅಟ್ಲಾಂಟಾದಲ್ಲೂ ಮೊದಲ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಇಂಥದೇ ಕ್ಯಾಚ್ ಹಿಡಿದಿದ್ದ. ಬ್ಯಾಟಿಗೆ ಅಂತ ತಂದವನು ಗ್ಲೋವ್‌ನಿಂದ ಪಂದ್ಯ ಉಳಿಸಿದ. ಸೀರೀಸ್ ಮಾತ್ರ ಹ್ಯೂಸ್ಟನ್ 4-2ರಲ್ಲಿ ಗೆದ್ದಿತು. ಆರನೇ ಪಂದ್ಯದಲ್ಲಿ ಫಿಲೀಸ್‌ನ ಒಂದೇ ಒಂದು ರನ್ ಶ್ವಾರ್ಬರ್ ಹೋಮ್ ರನ್‌ನಿಂದ ಬಂತು. ಕೊನೆಯ ಔಟ್ ಆದವನು ಕ್ಯಾಸ್ಟೆಲಾನೋಸ್.

ಎರಡು ಕ್ಯಾಚ್ ತೋರಿಸಿ, ಕ್ಯಾಸ್ಟೆಲಾನೋಸ್ ಫೀಲ್ಡಿಂಗ್ ಬಗ್ಗೆ ಭಯಪಟ್ಟವರು ಮೂರ್ಖರು ಅಂದವರಿದ್ದಾರೆ. ಅದು ವಾದವಲ್ಲ. ಆರು ತಿಂಗಳು ನೆಲಕ್ಕೆ ಬಿದ್ದ ಚೆಂಡುಗಳ ಲೆಕ್ಕ ಎರಡು ಕ್ಯಾಚ್‌ನಿಂದ ತೀರಲ್ಲ.

ಎಲ್ಲಿ ಎಡವಿದ್ದು

ಇಬ್ಬರನ್ನೂ ಒಂದೇ ಜಾತಿಯ ಆಟಗಾರರು ಅಂತ ನೋಡಿದ್ದೇ ದೊಡ್ಡ ತಪ್ಪು ಅಂತ ನನಗನ್ನಿಸುತ್ತೆ. ಹೊರಗಿಂದ ಇಬ್ಬರೂ ಸಮ. ಆದರೆ ಬ್ಯಾಟ್ ಹಿಡಿದು ನಿಂತಾಗ ಇಬ್ಬರ ಸ್ವಭಾವ ಪೂರ್ತಿ ಬೇರೆ. ಶ್ವಾರ್ಬರ್ ಕಾಯುತ್ತಾನೆ. ಸ್ಟ್ರೈಕ್ ಜೋನ್ ಹೊರಗಿನ ಚೆಂಡನ್ನು ಬಿಡುತ್ತಾನೆ, ವಾಕ್ (ಅಂಥ ನಾಲ್ಕು ಎಸೆತ ಬಿಟ್ಟರೆ ಸಿಗುವ ಪುಕ್ಕಟೆ ಬೇಸ್) ತಗೊಳ್ಳುತ್ತಾನೆ, ತನಗೆ ಬೇಕಾದ ಎಸೆತ ಸಿಕ್ಕರೆ ಮುಗಿಸುತ್ತಾನೆ. ಕ್ಯಾಸ್ಟೆಲಾನೋಸ್ ಎಲ್ಲದಕ್ಕೂ ಬೀಸುತ್ತಾನೆ. ಹೊರಗೆ ಜಾರುವ ಸ್ಲೈಡರ್ ಕಂಡರಂತೂ ಕೈ ತಡೆಯಲ್ಲ.

2023ರ ಅಂಕಿ ನೋಡಿ. ಶ್ವಾರ್ಬರ್ ಸರಾಸರಿ .197. ಕ್ಯಾಸ್ಟೆಲಾನೋಸ್‌ದು .272, ಆಲ್‌ಸ್ಟಾರ್ ಆದ ವರ್ಷ. ಹಾಗಾದರೆ ಬೇಸ್ ಮುಟ್ಟಿದ್ದು ಯಾರು ಜಾಸ್ತಿ? ಶ್ವಾರ್ಬರ್. ಆನ್-ಬೇಸ್ ಲೆಕ್ಕದಲ್ಲಿ ಅವನದು .343, ಕ್ಯಾಸ್ಟೆಲಾನೋಸ್‌ದು .311. ಕಾರಣ 126 ವಾಕ್. ಅದರ ಮೇಲೆ 47 ಹೋಮ್ ರನ್. ಇನ್ನೂರು ಕೂಡ ದಾಟದ ಸರಾಸರಿಯವನನ್ನು ಥಾಮ್ಸನ್ ಮೊದಲ ಬ್ಯಾಟರ್ ಆಗಿ ಕಳಿಸುತ್ತಾನಲ್ಲ ಅಂತ ಬೈದವರು ಈ ಸಾಲನ್ನು ಓದಿರಲಿಲ್ಲ. ವಯಸ್ಸಾದಂತೆ ಕೈ ನಿಧಾನ ಆಗುತ್ತೆ, ಚೆಂಡು ಆರಿಸುವ ಕಣ್ಣು ಅಷ್ಟು ಬೇಗ ಹೋಗಲ್ಲ. ಬರೀ ಕೈವೇಗವನ್ನೇ ನೆಚ್ಚಿದವನಿಗೆ ಹೊಡೆತ ಮೊದಲು ಬೀಳುತ್ತೆ.

ಡಿಎಚ್ ಜಾಗವನ್ನು ಅರ್ಥ ಮಾಡಿಕೊಂಡಿದ್ದರಲ್ಲೂ ಒಂದು ಐಬಿತ್ತು. ಫೀಲ್ಡಿಂಗ್ ಬರದವನನ್ನು ಬಚ್ಚಿಡುವ ಮೂಲೆ ಅಂತ ಎಲ್ಲರೂ ಅಂದುಕೊಂಡರು. ಗಾಯಾಳುವಿಗೂ ಅದೇ ಆಸರೆ ಅನ್ನೋದು ಶ್ವಾರ್ಬರ್ ಚರಿತ್ರೆಯಲ್ಲೇ ಇತ್ತು. 2016ರ ಏಪ್ರಿಲ್‌ನಲ್ಲಿ ಶಿಕಾಗೋ ಕಬ್ಸ್ ಪರ ಆಡುವಾಗ ಜೊತೆ ಆಟಗಾರ ಡೆಕ್ಸ್ಟರ್ ಫೌಲರ್‌ಗೆ ಡಿಕ್ಕಿ ಹೊಡೆದು ಶ್ವಾರ್ಬರ್ ಮಂಡಿಯ ಲಿಗಮೆಂಟ್ ಹರಿಯಿತು. ವರ್ಷ ಮುಗಿಯಿತು ಅಂದುಕೊಂಡಿದ್ದವನು ವರ್ಲ್ಡ್ ಸೀರೀಸ್‌ಗೆ ಎದ್ದು ಬಂದು .412 ಹೊಡೆದ. ಫೀಲ್ಡಿಂಗ್‌ಗೆ ಡಾಕ್ಟರ್ ಒಪ್ಪಿರಲಿಲ್ಲ. ಹಾಗಾಗಿ ಡಿಎಚ್ ಇದ್ದ ಕ್ಲೀವ್‌ಲ್ಯಾಂಡ್‌ನ ಪಂದ್ಯಗಳಲ್ಲಿ ಆಡಿದ. ಡಿಎಚ್ ಇಲ್ಲದ ಶಿಕಾಗೋದ ಮೂರು ಪಂದ್ಯಗಳಲ್ಲಿ ಆರಂಭದ ಒಂಬತ್ತರಲ್ಲಿ ಅವನ ಹೆಸರಿರಲಿಲ್ಲ.

ಫಿಲೀಸ್‌ನಲ್ಲಿ ಈ ಗಂಟು ಬಿಚ್ಚಿಕೊಂಡಿದ್ದು 2023ರಲ್ಲಿ, ಅದೂ ಇನ್ನೊಂದು ಗಾಯದಿಂದ. ಹರಿದ ಮೊಣಕೈ ಲಿಗಮೆಂಟ್‌ಗೆ ಟಾಮಿ ಜಾನ್ ಎಂಬ ಆಪರೇಷನ್ ಮಾಡಿಸಿಕೊಂಡ ಹಾರ್ಪರ್ 160 ದಿನಕ್ಕೇ, ಮೇ 2ರಂದು, ಡಿಎಚ್ ಆಗಿ ಮರಳಿದ. ಫಸ್ಟ್ ಬೇಸ್‌ನ ರೀಸ್ ಹಾಸ್ಕಿನ್ಸ್ ಮಂಡಿ ಮಾರ್ಚ್‌ನಲ್ಲೇ ಹೋಗಿತ್ತು. ಜುಲೈನಲ್ಲಿ ಹಾರ್ಪರ್ ಫಸ್ಟ್ ಬೇಸ್‌ಗೆ ಹೋದ. ಕುರ್ಚಿ ಖಾಲಿಯಾಯಿತು, ಶ್ವಾರ್ಬರ್ ಲೆಫ್ಟ್ ಫೀಲ್ಡ್‌ಗೆ ನಮಸ್ಕಾರ ಹೇಳಿದ. 2022ರ ಮಾರ್ಚ್‌ನಲ್ಲಿ ಹಾರ್ಪರ್‌ನನ್ನು ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿ ಅಂದಿದ್ದರೆ ಯಾರಾದರೂ ನಗುತ್ತಿದ್ದರು.

ಕ್ಯಾಸ್ಟೆಲಾನೋಸ್‌ಗೆ ಆ ಅದೃಷ್ಟ ಬರಲಿಲ್ಲ. ರೈಟ್ ಫೀಲ್ಡ್ ಅವನ ತಲೆಗೇ ಉಳಿಯಿತು. 2023ರಲ್ಲಿ 29 ಹೋಮ್ ರನ್, 106 ಆರ್‌ಬಿಐ, ಅಟ್ಲಾಂಟಾ ವಿರುದ್ಧ ಪ್ಲೇಆಫ್‌ನಲ್ಲಿ ಸತತ ಎರಡು ಪಂದ್ಯ ಎರಡೆರಡು ಹೋಮ್ ರನ್. 2024ರಲ್ಲಿ 162 ಪಂದ್ಯವನ್ನೂ ಆಡಿದ. ಅದೂ ಒಂದು ಬೆಲೆಯೇ, ಬೈಯುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ 2025ರ ಜೂನ್‌ನಲ್ಲಿ ಮಯಾಮಿಯಲ್ಲಿ ಪಂದ್ಯದ ಕೊನೆಗೆ ಅವನನ್ನು ತೆಗೆದು ಒಳ್ಳೇ ಫೀಲ್ಡರ್‌ನನ್ನು ಇಳಿಸಿದರು. ಡಗೌಟ್‌ನಲ್ಲಿ ಅವನು ಏನೋ ಅಂದ, ಥಾಮ್ಸನ್ ಮರುದಿನ ಕೂರಿಸಿದ. 236 ಪಂದ್ಯದ ಸರಣಿ ಅಲ್ಲಿಗೆ ಮುರಿಯಿತು. ಅದೇ ವರ್ಷ ಶ್ವಾರ್ಬರ್ 56 ಹೋಮ್ ರನ್, 132 ಆರ್‌ಬಿಐ, ಆಗಸ್ಟ್ 28ರಂದು ಅಟ್ಲಾಂಟಾ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು.

2025ರ ಡಿಸೆಂಬರ್‌ನಲ್ಲಿ ಫಿಲೀಸ್ ಶ್ವಾರ್ಬರ್‌ನನ್ನು ಮತ್ತೆ ಉಳಿಸಿಕೊಂಡಿತು: ಐದು ವರ್ಷ, 15 ಕೋಟಿ ಡಾಲರ್. ರೈಟ್ ಫೀಲ್ಡ್‌ಗೆ ಒಂದು ವರ್ಷಕ್ಕೆ 1 ಕೋಟಿ ಕೊಟ್ಟು ಅಡೋಲಿಸ್ ಗಾರ್ಸಿಯಾನನ್ನು ತಂದಿತು. ಕ್ಯಾಸ್ಟೆಲಾನೋಸ್ ಒಪ್ಪಂದದಲ್ಲಿ ಆಗಿನ್ನೂ ಒಂದು ವರ್ಷ, 2 ಕೋಟಿ ಬಾಕಿ ಇತ್ತು. ಈಗ ಕಿತ್ತಾಟ ಬೇರೆ. ಶ್ವಾರ್ಬರ್ 2030ರವರೆಗೆ ಡಿಎಚ್ ಕುರ್ಚಿಯಲ್ಲಿ ಕೂತಿರುತ್ತಾನೆ. ಹಾರ್ಪರ್ ಒಪ್ಪಂದ 2031ರವರೆಗೆ ಇದೆ. 2030ರ ಸೀಸನ್ನಿಗೆ ಇಬ್ಬರಿಗೂ 37. ಹಾರ್ಪರ್‌ನ ಮಂಡಿ, ಬೆನ್ನು ಫಸ್ಟ್ ಬೇಸ್ ಸಾಕು ಅಂದ ದಿನ ಆ ಕುರ್ಚಿಯಿಂದ ಯಾರನ್ನು ಎಬ್ಬಿಸುತ್ತಾರೆ?